ಕಪ್ಪು ಜನರ ಇತಿಹಾಸ: ಗ್ಲಾಸ್ಗೋದಲ್ಲಿ, ಆದವಾನಿಯಲ್ಲಿ, ಯಲ್ಲಾಪುರದಲ್ಲಿ



ಬ್ರಿಟನ್ನಿನಲ್ಲಿ ಪ್ರತಿ ಅಕ್ಟೋಬರ್ ತಿಂಗಳನ್ನು ಕಪ್ಪು ಜನರ ಇತಿಹಾಸದ ಮಾಸವಾಗಿ ಆಚರಿಸುತ್ತಾರೆ. ಅಮೆರಿಕದಲ್ಲಿ ಇದು ಫೆಬ್ರವರಿಯಲ್ಲಿ ನಡೆಯುತ್ತದೆ. 1926ರಲ್ಲಿ ಕಾರ್ಟರ್ ವುಡ್ಸನ್ ಎಂಬ ಇತಿಹಾಸಕಾರರು ಒಂದು ವಾರದ ಆಚರಣೆಯಾಗಿ ಆರಂಭಿಸಿದ್ದು ಮುಂದೆ ಇಡೀ ತಿಂಗಳಿಗೆ ಬೆಳೆಯಿತು. ಬ್ರಿಟನ್ನಿಗೆ ಅದು ಬಂದದ್ದು 1987ರಲ್ಲಿ. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಆ ತಿಂಗಳು ಉಪನ್ಯಾಸ, ಪ್ರದರ್ಶನ, ಸಂಗೀತ ಎಲ್ಲವೂ ಇರುತ್ತವೆ.

ಗ್ಲಾಸ್ಗೋ ವಿಶ್ವವಿದ್ಯಾಲಯವನ್ನೇ ನೋಡಿ. ನ್ಯೂಯಾರ್ಕಿನಲ್ಲಿ ಗುಲಾಮಗಿರಿಯಲ್ಲೇ ಹುಟ್ಟಿದ ಜೇಮ್ಸ್ ಮೆಕ್ಯೂನ್ ಸ್ಮಿತ್ ಅವರಿಗೆ ಅಮೆರಿಕದ ಕಾಲೇಜುಗಳು ಬಾಗಿಲು ತೆರೆಯಲಿಲ್ಲ. ಅವರು ಹಡಗು ಹತ್ತಿ ಗ್ಲಾಸ್ಗೋಗೆ ಬಂದು ಓದಿ, 1837ರಲ್ಲಿ ವೈದ್ಯಕೀಯ ಪದವಿ ಪಡೆದರು. ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ವೈದ್ಯ ಪದವಿ ಪಡೆದ ಮೊದಲಿಗರು ಅವರೇ. ಇಂದು ಅಲ್ಲಿನ ದೊಡ್ಡ ಕಲಿಕಾ ಭವನಕ್ಕೆ ಅವರ ಹೆಸರಿದೆ. ಆದರೆ ಆ ವಿಶ್ವವಿದ್ಯಾಲಯ ತನ್ನ ಹೆಮ್ಮೆಯನ್ನು ಮಾತ್ರ ಹೇಳಿಕೊಂಡು ಸುಮ್ಮನಾಗಲಿಲ್ಲ. ಗುಲಾಮರ ದುಡಿಮೆಯಿಂದ ಬಂದ ಹಣ ತನಗೂ ದಾನವಾಗಿ ಬಂದಿತ್ತು ಎಂದು 2018ರಲ್ಲಿ ತಾನೇ ವರದಿ ಪ್ರಕಟಿಸಿತು. ಮರುವರ್ಷ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ ಜೊತೆ 2 ಕೋಟಿ ಪೌಂಡ್‌ಗಳ ಒಪ್ಪಂದಕ್ಕೆ ಸಹಿ ಹಾಕಿತು. ಹೀಗೆ ಲೆಕ್ಕ ಒಪ್ಪಿಸಿದ ಮೇಲೆ ಮಾಡುವ ಹಬ್ಬಕ್ಕೆ ಒಂದು ಅರ್ಥವಿದೆ.

ರಾಯದುರ್ಗ, ಮಡಕಶಿರಾದಲ್ಲಿರುವ ನಮಗೆ ಇದೆಲ್ಲ ಯಾಕೆ ಎಂದು ಕೆಲವರು ಕೇಳಬಹುದು. ಬಳ್ಳಾರಿ ದಾಟಿ ಆದವಾನಿಗೆ ಹೋದರೆ ಉತ್ತರ ಸಿಗುತ್ತದೆ. 1953ರವರೆಗೆ ರಾಯದುರ್ಗವೂ ಆದವಾನಿಯೂ ಒಂದೇ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. ಆಂಧ್ರ ರಾಜ್ಯವಾದಾಗ ನಾವು ಅನಂತಪುರಕ್ಕೆ, ಅವರು ಕರ್ನೂಲಿಗೆ ಸೇರಿದೆವು. ಆ ಆದವಾನಿಯನ್ನು 17ನೇ ಶತಮಾನದಲ್ಲಿ ಆಳಿದವನು ಸಿದ್ದಿ ಮಸೂದ್. ಆಫ್ರಿಕಾದ ಅಬಿಸೀನಿಯಾ ಕಡೆಯ ಮೂಲದವರನ್ನು ಆಗ ಹಬ್ಶಿಗಳು, ಸಿದ್ದಿಗಳು ಎನ್ನುತ್ತಿದ್ದರು. ಬಿಜಾಪುರದ ಸಿಕಂದರ್ ಆದಿಲ್ ಶಾಹ ಬಾಲಕನಾಗಿದ್ದಾಗ ಕೆಲವು ವರ್ಷ ರಾಜ್ಯದ ಆಡಳಿತ ನಡೆಸಿದವನೂ ಇದೇ ಮಸೂದ್. ಆದವಾನಿಯ ದೊಡ್ಡ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಅವನು. ಮೊಗಲರ ಸೈನ್ಯ ಆ ಮಸೀದಿಯ ಕಡೆಗೆ ಫಿರಂಗಿ ತಿರುಗಿಸಿದಾಗ, ಅದು ಉಳಿಯಲೆಂದು ಅವನು ಕೋಟೆಯನ್ನೇ ಒಪ್ಪಿಸಿದ ಎಂಬ ಕಥೆಯಿದೆ. ಕೋಟೆ ಮೊಗಲರ ಕೈಸೇರಿದ್ದು 1688ರಲ್ಲಿ. ನಮ್ಮ ಸೀಮೆಯ ಚರಿತ್ರೆಯಲ್ಲಿ ಕಪ್ಪು ಜನ ಹೀಗೆ ಅಧಿಕಾರಿಗಳಾಗಿ, ಸೇನಾಪತಿಗಳಾಗಿ ಇದ್ದಾರೆ.

ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ. ಪೋರ್ಚುಗೀಸರು ಆಫ್ರಿಕಾದಿಂದ ಗಂಡಸರು, ಹೆಂಗಸರು, ಮಕ್ಕಳನ್ನು ಹಡಗಿನಲ್ಲಿ ತುಂಬಿ ತಂದು ಗೋವೆಯಲ್ಲಿ ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಅವರ ಸಂತತಿಯವರೇ ಇಂದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಗಳಲ್ಲಿರುವ ಸಿದ್ದಿಗಳು. ಕೊಂಕಣಿ, ಕನ್ನಡ, ಮರಾಠಿ ಅವರ ಬಾಯಲ್ಲಿ ಸಲೀಸು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಮ್ಮಂತೆ ಬಲಿಪೂಜೆಗೆ ಹೋಗುವ ಕಥೋಲಿಕರೂ ಇದ್ದಾರೆ. ಸಿದ್ದಿ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಕ್ರೈಸ್ತ ಮನೆಗಳ ಕೌದಿಗಳಲ್ಲಿ ಶಿಲುಬೆ ಇರುವುದುಂಟು. ಮೂಲೆಗಳಲ್ಲಿ ಮಡಿಸಿ ಹೊಲಿದ ಪುಟ್ಟ ಬಟ್ಟೆಯ ಹೂವು ಇಲ್ಲದಿದ್ದರೆ ಕೌದಿ ಪೂರ್ತಿಯಾಗಲಿಲ್ಲ ಎಂದೇ ಅವರ ಭಾವನೆ. ನಮ್ಮ ಅಜ್ಜಿಯರ ಪೆಟ್ಟಿಗೆಗಳಲ್ಲೂ ಕೌದಿಗಳಿವೆಯಲ್ಲವೇ? 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ಕರ್ನಾಟಕ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಅಲ್ಲಿಗೆ ಹೋದವರಲ್ಲಿ ಅವರೇ ಮೊದಲಿಗರು.

ಇಲ್ಲಿ ಕ್ರೈಸ್ತರಾದ ನಾವು ಒಂದು ಮಾತನ್ನು ಮುಚ್ಚಿಡಬಾರದು. ಗೋವೆಯಲ್ಲಿ ಆ ಮನುಷ್ಯರನ್ನು ಕೊಂಡವರು, ಮಾರಿದವರು ಬಹುಪಾಲು ದೇವಾಲಯಕ್ಕೆ ಹೋಗುತ್ತಿದ್ದ ಕ್ರೈಸ್ತರೇ. ಅನ್ಯಧರ್ಮೀಯರನ್ನು ಸೆರೆಹಿಡಿದು ಗುಲಾಮರನ್ನಾಗಿಸಲು 1452ರಲ್ಲಿ ಪೋರ್ಚುಗಲ್ಲಿನ ರಾಜನಿಗೆ ಅನುಮತಿ ಕೊಟ್ಟದ್ದು ಒಬ್ಬ ಪೋಪರ ಪತ್ರ. 1839ರಲ್ಲಿ ಪೋಪ್ 16ನೇ ಗ್ರೆಗೊರಿಯವರು ಗುಲಾಮರ ವ್ಯಾಪಾರವನ್ನು ಖಂಡಿಸಿದರು. 1992ರಲ್ಲಿ ಪೋಪ್ 2ನೇ ಜಾನ್ ಪಾಲ್ ಅವರು, ಗುಲಾಮರನ್ನು ಹಡಗು ಹತ್ತಿಸುತ್ತಿದ್ದ ಸೆನೆಗಲ್ಲಿನ ಗೋರೆ ದ್ವೀಪಕ್ಕೆ ಹೋಗಿ ಕ್ಷಮೆ ಬೇಡಿದರು. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ಫಿಲಿಪ್ಪನಿಂದ ದೀಕ್ಷಾಸ್ನಾನ ಪಡೆದ ಇಥಿಯೋಪಿಯದ ಅಧಿಕಾರಿಯನ್ನು ಓದಿಯೂ, ಈ ಸತ್ಯ ಕಾಣಲು ಸಭೆಗೆ ಎಷ್ಟು ಕಾಲ ಹಿಡಿಯಿತು ನೋಡಿ.

ಇದು ಹಳೆಯ ಕಥೆ ಮಾತ್ರವಲ್ಲ. 2016ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಸುಡಾನಿನ ವ್ಯಕ್ತಿಯ ಕಾರು ಅಪಘಾತ ಮಾಡಿದಾಗ, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಮೈಬಣ್ಣ ಒಂದೇ ಎಂಬುದೇ ಅವಳ ಅಪರಾಧ. ನಮ್ಮ ಎಷ್ಟೋ ಮಕ್ಕಳು ಓದಲು ಹೋಗುವುದು ಅದೇ ಬೆಂಗಳೂರಿಗೆ. ಇನ್ನು ನಮ್ಮ ಮನೆಗಳಲ್ಲೇ ಹೆಣ್ಣು ನೋಡುವಾಗ ‘ಹುಡುಗಿ ಸ್ವಲ್ಪ ಕಪ್ಪು’ ಎನ್ನುವುದು ನಿಂತಿದೆಯೇ? ಶಾಲೆಯಲ್ಲಿ ಗೆಳೆಯನನ್ನು ‘ಕರಿಯ’ ಎಂದು ಕೂಗುವುದು ತಮಾಷೆ ಎಂದುಕೊಂಡಿದ್ದೇವೆ. ಕೂಗಿಸಿಕೊಂಡವನಿಗೆ ಅದು ತಮಾಷೆಯಲ್ಲ.

ಯುವಜನರಾದ ನಾವು ದೊಡ್ಡ ಹಬ್ಬ ಮಾಡಬೇಕಿಲ್ಲ. ಫೆಬ್ರವರಿ 8 ಸಂತ ಜೋಸೆಫಿನ್ ಬಖಿತಾ ಅವರ ಹಬ್ಬ. ಸುಡಾನಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಪಹರಣಕ್ಕೊಳಗಾಗಿ, ಹಲವು ಬಾರಿ ಮಾರಾಟವಾದವರು ಅವರು. 1889ರಲ್ಲಿ ಇಟಲಿಯ ನ್ಯಾಯಾಲಯ ಅವರನ್ನು ಸ್ವತಂತ್ರಳೆಂದು ಸಾರಿತು. ಮರುವರ್ಷ ದೀಕ್ಷಾಸ್ನಾನ ಪಡೆದರು, ಮುಂದೆ ಕನೋಸಾ ಸಭೆಯ ಸನ್ಯಾಸಿನಿಯಾದರು. 2000ದಲ್ಲಿ ಸಂತಪದವಿ ದೊರೆಯಿತು. ಮಾನವ ಕಳ್ಳಸಾಗಣೆಯ ವಿರುದ್ಧ ಧರ್ಮಸಭೆ ಪ್ರಾರ್ಥಿಸುವುದೂ ಅದೇ ದಿನ. ಬರ ಬಂದಾಗ ಗುಳೆ ಹೋಗುವ ನಮ್ಮ ಊರುಗಳಿಗೆ ಆ ಪ್ರಾರ್ಥನೆ ಬೇರೆಯವರದ್ದಲ್ಲ.

ಆ ಸಂಜೆ ಬಲಿಪೂಜೆಯ ನಂತರ ಅರ್ಧ ಗಂಟೆ ಕುಳಿತು ಬಖಿತಾ, ಸಿದ್ದಿ ಮಸೂದ್, ಯಲ್ಲಾಪುರದ ಸಿದ್ದಿಗಳ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳೋಣ. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮೈಬಣ್ಣದ ಅಡ್ಡಹೆಸರುಗಳನ್ನು ಬಿಡೋಣ. ಬೆಂಗಳೂರಿನಲ್ಲಿ ಓದುವ ಅಣ್ಣ, ಅಕ್ಕಂದಿರು ತಮ್ಮ ಕಾಲೇಜಿನ ಆಫ್ರಿಕನ್ ಸಹಪಾಠಿಯನ್ನು ಹೆಸರು ಹಿಡಿದು ಮಾತನಾಡಿಸಲಿ.