ಇಪ್ಪತ್ತೈದು ವರ್ಷದ ಶಾಲಾ ಮುಷ್ಕರ

ಬ್ರಿಟನ್ನಿನ ಚರಿತ್ರೆಯಲ್ಲೇ ಅತಿ ದೀರ್ಘಕಾಲ ನಡೆದ ಮುಷ್ಕರ ಯಾವುದು ಎಂದು ಕೇಳಿದರೆ ಕಲ್ಲಿದ್ದಲ ಗಣಿಯನ್ನೋ ರೈಲ್ವೆಯನ್ನೋ ನೆನೆಯುವವರೇ ಹೆಚ್ಚು. ಆದರೆ ಆ ಹೆಸರು ಸಂದಿರುವುದು ಒಂದು ಹಳ್ಳಿಯ ಶಾಲೆಗೆ. ಇಂಗ್ಲೆಂಡಿನ ಪೂರ್ವಕ್ಕಿರುವ ನಾರ್ಫಕ್ ಸೀಮೆಯಲ್ಲಿ, ಡಿಸ್ ಎಂಬ ಪೇಟೆಯ ಹತ್ತಿರ ಬರ್ಸ್ಟನ್ ಎಂಬ ಊರಿದೆ. 1914ರ ಏಪ್ರಿಲ್ 1ರಂದು ಅಲ್ಲಿಯ ಶಾಲೆಯ 72 ಮಕ್ಕಳಲ್ಲಿ 66 ಮಂದಿ ತರಗತಿಗೆ ಹೋಗದೆ, ಬಾವುಟ ಮತ್ತು ರಟ್ಟಿನ ಫಲಕ ಹಿಡಿದು ಊರು ಸುತ್ತಿದರು. ತಮ್ಮ ಉಪಾಧ್ಯಾಯರನ್ನು ತಮಗೆ ವಾಪಸು ಕೊಡಿ ಎಂಬುದು ಅವರ ಬೇಡಿಕೆ. ಆ ಮುಷ್ಕರ ಕೊನೆಗೊಂಡದ್ದು 1939ರಲ್ಲಿ. ಅಷ್ಟು ಹೊತ್ತಿಗೆ ಮೊದಲ ದಿನ ಮೆರವಣಿಗೆ ಹೋದ ಮಕ್ಕಳು ತಾವೇ ಅಪ್ಪ ಅಮ್ಮಂದಿರಾಗುವ ವಯಸ್ಸು ದಾಟಿದ್ದರು.

ಮಕ್ಕಳು ವಾಪಸು ಕೇಳಿದ್ದು ಆನಿ ಹಿಗ್ಡನ್ ಮತ್ತು ಟಾಮ್ ಹಿಗ್ಡನ್ ದಂಪತಿಯನ್ನು. ಆಕೆ ಮುಖ್ಯೋಪಾಧ್ಯಾಯಿನಿ, ಆತ ಸಹಾಯಕ. ಟಾಮ್ ಸಾಮರ್ಸೆಟ್ ಸೀಮೆಯ ಕೃಷಿ ಕೂಲಿಯೊಬ್ಬನ ಮಗ. ಮಕ್ಕಳಿಲ್ಲದ ಈ ದಂಪತಿ 1911ರಲ್ಲಿ ಬರ್ಸ್ಟನ್ನಿಗೆ ಬಂದದ್ದು ಸ್ವಇಚ್ಛೆಯಿಂದಲ್ಲ. ಅದಕ್ಕೆ ಮೊದಲು ಇದೇ ನಾರ್ಫಕ್‌ನ ವುಡ್ ಡಾಲಿಂಗ್ ಎಂಬ ಊರಿನಲ್ಲಿ ಅವರು ಪಾಠ ಹೇಳುತ್ತಿದ್ದರು. ಶಾಲೆಗೆ ಬರಬೇಕಾದ ಹುಡುಗರನ್ನು ರೈತರು ಹೊಲದ ಕೆಲಸಕ್ಕೆ ಎಳೆದುಕೊಂಡು ಹೋಗುವುದನ್ನು ಅಲ್ಲಿ ಆಕ್ಷೇಪಿಸಿದರು. ಆ ರೈತರೇ ಶಾಲೆಯ ಆಡಳಿತ ಮಂಡಳಿಯಲ್ಲಿಯೂ ಇದ್ದರು. ಮುಂದೆ ಏನಾಗಿರಬಹುದು ಎಂಬುದನ್ನು ಹಳ್ಳಿ ಶಾಲೆ ಕಂಡ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ವರ್ಗಾವಣೆ ಆಯಿತು.

ಬರ್ಸ್ಟನ್ನಿನಲ್ಲಿ ಶಾಲೆಯ ಯಜಮಾನಿಕೆ ಪಾದ್ರಿಯ ಕೈಗೆ ಬಂದಿತ್ತು. 1902ರ ಶಿಕ್ಷಣ ಕಾಯ್ದೆಯ ಪ್ರಕಾರ ಶಾಲೆಗಳು ಸೀಮೆಯ ಕೌನ್ಸಿಲಿಗೆ ಸೇರಿದ್ದರೂ ದಿನದಿನದ ವಹಿವಾಟು ಸ್ಥಳೀಯ ಆಡಳಿತ ಮಂಡಳಿಯದು. ಅದರ ಅಧ್ಯಕ್ಷ ರೆವರೆಂಡ್ ಚಾರ್ಲ್ಸ್ ಟಕರ್ ಈಲಂಡ್. ಈತನಿಗೆ ದೊಡ್ಡ ಮನೆ, ನಮ್ಮ ದೇವಸ್ಥಾನಗಳ ಉಂಬಳಿಯಂತೆ ಚರ್ಚಿನ ಜಮೀನು, ವರ್ಷಕ್ಕೆ ಐನೂರು ಪೌಂಡಿಗೂ ಮೀರಿದ ಆದಾಯ. ಊರಿನ ಕೂಲಿಯವನ ಸಂಬಳ ವಾರಕ್ಕೆ ಹದಿಮೂರು ಶಿಲ್ಲಿಂಗಿನ ಆಸುಪಾಸು. ಅಂದರೆ ವರ್ಷವಿಡೀ ದುಡಿದರೂ ಮೂವತ್ತೈದು ಪೌಂಡು ಮುಟ್ಟುವುದು ಕಷ್ಟ. ಆತ ಇರುವ ಮನೆಯೂ ಬಹುಮಟ್ಟಿಗೆ ರೈತ ಧಣಿಯದೇ. ಕೆಲಸ ಹೋದರೆ ಸೂರೂ ಹೋಯಿತು. ಇಂಥ ಊರಿನಲ್ಲಿ ಟಾಮ್ ಕೃಷಿ ಕೂಲಿಕಾರರ ಸಂಘ ಕಟ್ಟಿದ. 1913ರಲ್ಲಿ ನಡೆದ ಗ್ರಾಮ ಕೌನ್ಸಿಲ್ ಚುನಾವಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಮತ ಬಂದದ್ದು ಟಾಮ್‌ಗೆ; ಪಾದ್ರಿ ಸೋತ.

ಅಲ್ಲಿಂದಾಚೆಗೆ ಶಾಲೆಯಲ್ಲಿ ಸಣ್ಣದೂ ದೊಡ್ಡದಾಗತೊಡಗಿತು. ಕಟ್ಟಡದ ತೇವ, ಸಾಲದ ಬೆಳಕು, ಕೆಟ್ಟ ಚರಂಡಿ ಎಂದು ಹಿಗ್ಡನ್ ದಂಪತಿ ದೂರುತ್ತಲೇ ಇದ್ದರು. ಒಂದು ದಿನ ಮೈಲಿಗಟ್ಟಲೆ ಮಳೆಯಲ್ಲಿ ನಡೆದು ಬಂದ ಮಕ್ಕಳ ಬಟ್ಟೆ ಒಣಗಿಸಲು ಆನಿ ಒಲೆ ಹೊತ್ತಿಸಿದಳು. ಆಡಳಿತ ಮಂಡಳಿಯ ಅಪ್ಪಣೆ ಇಲ್ಲದೆ ಬೆಂಕಿ ಹಾಕಿದ್ದೇ ಅಪರಾಧವಾಯಿತು. ಕಲ್ಲಿದ್ದಲು ಯಾರದು, ಶಾಲೆ ಯಾರದು ಎಂಬ ಪ್ರಶ್ನೆ ಅದರೊಳಗೆ ಅಡಗಿತ್ತು.

ಕೊನೆಗೆ ಮುಂದೆ ಬಂದದ್ದು ಬೇರೆಯೇ ದೂರು. ಬರ್ನಾರ್ಡೊ ಅನಾಥಾಶ್ರಮದಿಂದ ಬಂದು ಊರಿನ ಮನೆಯೊಂದರಲ್ಲಿ ಬೆಳೆಯುತ್ತಿದ್ದ ಇಬ್ಬರು ಹುಡುಗಿಯರನ್ನು ಆನಿ ಬೆತ್ತದಿಂದ ಹೊಡೆದಳು ಎಂದು ಆಪಾದನೆ. ಆಕೆ ಅದನ್ನು ಅಲ್ಲಗಳೆದಳು. ಸೀಮೆಯ ಶಿಕ್ಷಣ ಸಮಿತಿ ವಿಚಾರಣೆ ನಡೆಸಿತು. ಆಡಳಿತ ಮಂಡಳಿಯ ಸದಸ್ಯರೊಡನೆ ಆಕೆ ಅವಿನಯದಿಂದ ನಡೆದುಕೊಂಡಳು ಎಂಬುದನ್ನೂ ಲೆಕ್ಕಕ್ಕೆ ಹಿಡಿದು ಗಂಡಹೆಂಡಿರಿಬ್ಬರನ್ನೂ ಕೆಲಸದಿಂದ ತೆಗೆಯಿತು. ಆನಿಯ ಮಾತು ಬಹಳ ಮೃದುವಾಗಿತ್ತೆಂದು ಅವಳ ಕಡೆಯವರೂ ಹೇಳಲಾರರು. ಆದರೆ ಬಿರುಸು ಮಾತಿನ ಮುಖ್ಯೋಪಾಧ್ಯಾಯಿನಿಯನ್ನು ತೆಗೆದುಹಾಕಲು ಇಷ್ಟೆಲ್ಲ ಏರ್ಪಾಡು ಬೇಕಿರಲಿಲ್ಲ. ಚುನಾವಣೆಯ ಸೋಲು ಇದರ ಹಿಂದೆ ಇತ್ತೆಂದು ಊರವರು ನಂಬಿದರು. ನಂಬಲು ಅವರಿಗೆ ಕಾರಣವೂ ಇತ್ತು.

ಏಪ್ರಿಲ್ 1ರ ಮೆರವಣಿಗೆಯ ಮುಂದಾಳು ವಯೊಲೆಟ್ ಪಾಟರ್ ಎಂಬ ಹುಡುಗಿ. ಊರಿನ ಬಳಸು ದಾರಿಗೆ ‘ಕ್ಯಾಂಡಲ್‌ಸ್ಟಿಕ್’ ಎಂದು ಹೆಸರು. ಅದನ್ನು ಸುತ್ತಿ ಬಂದ ಮಕ್ಕಳು ಮನೆಗೆ ಹೋಗಿ ಆಟಕ್ಕಿಳಿದಿದ್ದರೆ ಈ ಕಥೆ ಒಂದು ವಾರದ ಸುದ್ದಿಯಾಗಿ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಊರ ಬಯಲಿನ ಹುಲ್ಲಿನ ಮೇಲೆ ಪಾಠ ಶುರುವಾಯಿತು. ಮನೆಮನೆಯಿಂದ ಕುರ್ಚಿ, ಮೇಜು ಬಂದವು. ಹಾಜರಿ ಪುಸ್ತಕ, ವೇಳಾಪಟ್ಟಿ ಎಲ್ಲವೂ ಇದ್ದವು. ಸರ್ಕಾರದ ಶಾಲೆಯ ಕಟ್ಟಡ ಬೆರಳೆಣಿಕೆಯ ಮಕ್ಕಳೊಡನೆ ಬಿಕೋ ಎನ್ನುತ್ತಿತ್ತು.

ಮಕ್ಕಳನ್ನು ಹೆದರಿಸಲಾಗದ ಅಧಿಕಾರ ತಂದೆತಾಯಿಯರ ಕಡೆ ತಿರುಗಿತು. ಮಕ್ಕಳನ್ನು ಶಾಲೆಗೆ ಕಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಹದಿನೆಂಟು ಮಂದಿಯನ್ನು ನ್ಯಾಯಾಲಯಕ್ಕೆ ಕರೆಸಿ ತಲಾ ಎರಡೂವರೆ ಶಿಲ್ಲಿಂಗ್ ದಂಡ ಹಾಕಿದರು. ಅದು ಒಬ್ಬ ಕೂಲಿಯವನ ಒಂದು ದಿನದ ಗಳಿಕೆಗಿಂತ ಹೆಚ್ಚು. ದಂಡದ ಹಣವನ್ನು ಚಂದಾ ಎತ್ತಿ ಕಟ್ಟಲಾಯಿತು. ತಮಾಷೆಯೆಂದರೆ, ‘ಮಕ್ಕಳು ಶಾಲೆಗೆ ಹೋಗುತ್ತಿಲ್ಲ’ ಎಂಬ ಮೊಕದ್ದಮೆ ಬಹಳ ಕಾಲ ನಿಲ್ಲುವಂತಿರಲಿಲ್ಲ. ಮಕ್ಕಳು ದಿನವೂ ಶಾಲೆಗೆ ಹೋಗುತ್ತಿದ್ದರು, ಅದು ಪಾದ್ರಿಯ ಶಾಲೆಯಾಗಿರಲಿಲ್ಲ ಅಷ್ಟೆ. ಅಧಿಕಾರಿಗಳು ಕ್ರಮೇಣ ಸುಮ್ಮನಾದರು.

ಈಲಂಡ್ ಸುಮ್ಮನಾಗಲಿಲ್ಲ. ಚರ್ಚಿನ ಜಮೀನಿನಲ್ಲಿ ತರಕಾರಿ ಬೆಳೆದುಕೊಂಡಿದ್ದ ಬಡವರನ್ನು, ಮುಷ್ಕರದ ಪರವಾಗಿದ್ದಾರೆಂಬ ಕಾರಣಕ್ಕೆ, ಒಕ್ಕಲೆಬ್ಬಿಸಿದ. ಜನ ಅವನ ಚರ್ಚನ್ನು ಬಿಟ್ಟು, ಅದೇ ಊರ ಬಯಲಿನಲ್ಲಿ ಮೆಥಡಿಸ್ಟ್ ಬೋಧಕನೊಬ್ಬ ನಡೆಸುತ್ತಿದ್ದ ಭಾನುವಾರದ ಪ್ರಾರ್ಥನೆಗೆ ಸೇರತೊಡಗಿದರು. ಕೆಲವು ರೈತರು ಆಳುಗಳನ್ನು ಕೆಲಸದಿಂದ ಬಿಡಿಸಲು, ಮನೆಯಿಂದ ಹೊರಹಾಕಲು ನೋಡಿದರು. ಆದರೆ ಅದೇ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾಯಿತು. ಹುಡುಗರು ಸೈನ್ಯಕ್ಕೆ ಹೊರಟರು; ಹೊಲದ ಕೆಲಸಕ್ಕೆ ಆಳು ಸಿಗದ ಕಾಲ ಬಂತು. ಬರ್ಸ್ಟನ್ನಿನ ಕೂಲಿಗಳ ಗಟ್ಟಿತನವನ್ನು ಹೊಗಳುವವರು ಈ ಯುದ್ಧದ ಸಂಗತಿಯನ್ನು ಮರೆಯುವುದುಂಟು. ಗಟ್ಟಿತನ ನಿಜ. ಆದರೆ ಆಳಿಗೆ ಬರ ಬಾರದಿದ್ದರೆ ಎಷ್ಟು ಸಂಸಾರಗಳು ಬೀದಿಗೆ ಬೀಳುತ್ತಿದ್ದವೋ ಹೇಳಲಾಗದು.

ಬಯಲಿನ ಪಾಠ ಬೇಸಿಗೆಗೆ ಸರಿ, ಇಂಗ್ಲೆಂಡಿನ ಚಳಿಗಲ್ಲ. ಶಾಲೆ ಬಡಗಿಯ ಕೆಲಸದ ಕೊಟ್ಟಿಗೆಗೆ ವಾಸ ಬದಲಿಸಿತು. ಅಷ್ಟರಲ್ಲಿ ಸುದ್ದಿ ದೇಶವೆಲ್ಲ ಹಬ್ಬಿ, ಗಣಿ ಕಾರ್ಮಿಕರು, ರೈಲ್ವೆ ನೌಕರರು ತಮ್ಮ ಸಂಘಗಳಲ್ಲಿ ಹಣ ಕೂಡಿಸಿ ಕಳಿಸತೊಡಗಿದರು. ಬರ್ಸ್ಟನ್ ಎಲ್ಲಿದೆ ಎಂದೂ ತಿಳಿಯದ ಎಷ್ಟೋ ಮಂದಿಯ ಪೆನ್ನಿಗಳಿಂದ ಊರ ಬಯಲಿನ ಅಂಚಿನಲ್ಲಿ ಹೊಸ ಕಟ್ಟಡ ಎದ್ದಿತು. 1917ರ ಮೇ 13ರಂದು ಅದರ ಬಾಗಿಲು ತೆರೆದವಳು ಯಾವ ಗಣ್ಯರೂ ಅಲ್ಲ, ಮೆರವಣಿಗೆಯ ಮುಂದೆ ನಡೆದಿದ್ದ ಅದೇ ವಯೊಲೆಟ್ ಪಾಟರ್. ಮುಂಭಾಗದ ಕಲ್ಲುಗಳ ಮೇಲೆ ಹಣ ಕೊಟ್ಟ ಸಂಘಗಳ ಹೆಸರುಗಳನ್ನು ಕೆತ್ತಿದ್ದಾರೆ. ಟಾಲ್‌ಸ್ಟಾಯ್ ಹೆಸರೂ ಅಲ್ಲಿದೆ.

ಈಲಂಡ್ 1920ರಲ್ಲಿ ಊರು ಬಿಟ್ಟ. ಹಿಗ್ಡನ್ ದಂಪತಿ ಮಾತ್ರ ಅಲ್ಲೇ ಉಳಿದರು. ಮುಷ್ಕರದ ಶಾಲೆ ನಡೆಯುತ್ತಲೇ ಇತ್ತು, ವರ್ಷ ಕಳೆದಂತೆ ಮಕ್ಕಳ ಸಂಖ್ಯೆ ಇಳಿಯಿತು. 1939ರಲ್ಲಿ ಟಾಮ್ ತೀರಿಕೊಂಡ. ವಯಸ್ಸಾಗಿದ್ದ ಆನಿಗೆ ಒಬ್ಬಳೇ ಶಾಲೆ ನಡೆಸುವುದು ಆಗಲಿಲ್ಲ. ಉಳಿದಿದ್ದ ಹನ್ನೊಂದು ಮಕ್ಕಳು ಕೌನ್ಸಿಲ್ ಶಾಲೆಗೆ ಹೋದರು. ಇಪ್ಪತ್ತೈದು ವರ್ಷದ ಹಿಂದೆ 66 ಮಕ್ಕಳು ಬಿಟ್ಟು ಬಂದಿದ್ದ ಶಾಲೆ ಅದು. 1946ರಲ್ಲಿ ಆನಿಯೂ ಹೋದಳು.

ಕಟ್ಟಡ ಈಗ ವಸ್ತುಸಂಗ್ರಹಾಲಯ. 1984ರಿಂದ ಈಚೆಗೆ ಸೆಪ್ಟೆಂಬರಿನ ಮೊದಲ ಭಾನುವಾರ ಕಾರ್ಮಿಕ ಸಂಘದವರು ಅಲ್ಲಿ ಸೇರಿ, ಬಾವುಟ ಹಿಡಿದು ಮಕ್ಕಳು ಸುತ್ತಿದ ದಾರಿಯನ್ನೇ ಸುತ್ತುವ ರೂಢಿ ಬೆಳೆದಿದೆ. ಆನಿ ಮತ್ತು ಟಾಮ್‌ರ ಸಮಾಧಿಗಳು ಬರ್ಸ್ಟನ್ನಿನ ಚರ್ಚಿನ ಅಂಗಳದಲ್ಲಿವೆ. ಈಲಂಡ್ ಪಾದ್ರಿಯಾಗಿದ್ದ ಚರ್ಚು ಅದೇ.