ಸ್ತನ ಕ್ಯಾನ್ಸರ್ ಚಿಕಿತ್ಸೆ: ಹಾಸಿಗೆಗಿಂತ ನಡಿಗೆ ಲೇಸು

ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ಮಹಿಳೆಗೆ ಮನೆಯವರಿಂದ ಮೊದಲು ದೊರೆಯುವ ಸಲಹೆ, 'ನೀನು ಏನೂ ಮಾಡಬೇಡಮ್ಮ, ಸುಮ್ಮನೆ ಮಲಗಿರು' ಎಂಬುದು. ಈ ಕಾಳಜಿ ಸಹಜವಾದುದೇ. ಹಿಂದೊಮ್ಮೆ ವೈದ್ಯರೂ ವಿಶ್ರಾಂತಿಯನ್ನೇ ಹೇಳುತ್ತಿದ್ದರು. ಆದರೆ ಕಳೆದ ಎರಡು ದಶಕಗಳ ಸಂಶೋಧನೆಗಳು ಈ ನಂಬಿಕೆಯನ್ನು ಬದಲಿಸಿವೆ. ಮಿತವಾದ ವ್ಯಾಯಾಮವು ಬಹುತೇಕ ರೋಗಿಗಳಿಗೆ ಸುರಕ್ಷಿತ ಮಾತ್ರವಲ್ಲ, ಚಿಕಿತ್ಸೆಯನ್ನು ತಾಳಿಕೊಳ್ಳಲು ಸಹಾಯಕವೂ ಹೌದು.

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದು. ಜಾಗತಿಕ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಪತ್ತೆಯಾದವು. ಹೀಗಾಗಿ ಈ ವಿಷಯ ಲಕ್ಷಾಂತರ ಕುಟುಂಬಗಳಿಗೆ ಸಂಬಂಧಿಸಿದ್ದು.

ದಣಿವಿನ ವಿಷವರ್ತುಲ

ಕಿಮೋಥೆರಪಿ ಹಾಗೂ ವಿಕಿರಣ ಚಿಕಿತ್ಸೆಯ ವೇಳೆ ಕಾಡುವ ದಣಿವು ಸಾಮಾನ್ಯ ದಣಿವಲ್ಲ. ಎಷ್ಟು ನಿದ್ರಿಸಿದರೂ ಅದು ನೀಗುವುದಿಲ್ಲ. ದಣಿವೆಂದು ಮಲಗಿದಷ್ಟೂ ಸ್ನಾಯುಗಳು ಸೊರಗುತ್ತವೆ, ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ಕುಗ್ಗುತ್ತದೆ. ಆಗ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಮತ್ತೆ ಹಾಸಿಗೆಯೇ ಗತಿಯಾಗುತ್ತದೆ. ನಿಯಮಿತ ನಡಿಗೆ ಈ ವರ್ತುಲವನ್ನು ಮುರಿಯುತ್ತದೆ. ಆತಂಕ ಹಾಗೂ ಖಿನ್ನತೆಯನ್ನೂ ತಗ್ಗಿಸುತ್ತದೆ.

ಕೆನಡಾದಲ್ಲಿ ಕಿಮೋಥೆರಪಿ ಪಡೆಯುತ್ತಿದ್ದ 242 ಮಹಿಳೆಯರ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ಸ್ನಾಯುಬಲ ವೃದ್ಧಿಸುವ ವ್ಯಾಯಾಮ ಮಾಡಿದವರು, ಮಾಡದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ನಿಗದಿತ ಔಷಧಿಯನ್ನು ಪೂರ್ಣಗೊಳಿಸಿದ್ದು ಕಂಡುಬಂತು. ರೋಗ ಇತರ ಅಂಗಗಳಿಗೆ ಹರಡಿದ್ದ 357 ರೋಗಿಗಳ ಮೇಲೆ ಯುರೋಪ್ ಮತ್ತು ಆಸ್ಟ್ರೇಲಿಯಾದಲ್ಲಿ ನಡೆದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ದಣಿವು ತಗ್ಗಿ, ಜೀವನದ ಗುಣಮಟ್ಟ ಸುಧಾರಿಸಿತ್ತು.

ಕೈ ಊತದ ಭಯ

ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಾಗ ದ್ರವ ಸರಾಗವಾಗಿ ಹರಿಯದೆ ಕೆಲವರ ಕೈ ಊದಿಕೊಳ್ಳುತ್ತದೆ. ಇದಕ್ಕೆ ಲಿಂಫೆಡಿಮಾ ಎನ್ನುತ್ತಾರೆ. ಈ ಭಯದಿಂದ 'ಆ ಕೈಯಲ್ಲಿ ಭಾರ ಎತ್ತಲೇಬಾರದು' ಎಂದು ಬಹುಕಾಲ ಹೇಳಲಾಗುತ್ತಿತ್ತು. ಈಗಾಗಲೇ ಕೈ ಊತವಿದ್ದ 141 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಹೊರಬಂದು ಈ ಭಯವನ್ನು ದೂರ ಮಾಡಿತು. ಬಿಗಿಯಾದ ವಿಶೇಷ ತೋಳುಚೀಲ ಧರಿಸಿ, ತರಬೇತುದಾರರ ಮಾರ್ಗದರ್ಶನದಲ್ಲಿ ಭಾರವನ್ನು ನಿಧಾನವಾಗಿ ಹೆಚ್ಚಿಸುತ್ತಾ ಹೋದವರಲ್ಲಿ ಊತ ಹೆಚ್ಚಲಿಲ್ಲ. ಊತ ಉಲ್ಬಣಿಸುವ ಪ್ರಸಂಗಗಳು ಕಡಿಮೆಯಾದವು.

ಎಷ್ಟು, ಹೇಗೆ?

2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಶಿಫಾರಸಿನಂತೆ ವಾರಕ್ಕೆ ಮೂರು ಬಾರಿ, ತಲಾ 30 ನಿಮಿಷಗಳ ಚುರುಕು ನಡಿಗೆಯಂತಹ ವ್ಯಾಯಾಮ ಹಾಗೂ ವಾರಕ್ಕೆ ಎರಡು ಬಾರಿ ಸ್ನಾಯುಬಲದ ವ್ಯಾಯಾಮ ಉಪಯುಕ್ತ. ಗುಣಪಡಿಸುವ ಉದ್ದೇಶದ ಚಿಕಿತ್ಸೆಯ ಅವಧಿಯಲ್ಲಿ ವ್ಯಾಯಾಮವನ್ನು ಶಿಫಾರಸು ಮಾಡಬೇಕೆಂದು ಅಮೆರಿಕದ ಕ್ಯಾನ್ಸರ್ ತಜ್ಞವೈದ್ಯರ ಸಂಘವೂ 2022ರಲ್ಲಿ ಸೂಚಿಸಿತು.

* ಅಭ್ಯಾಸವಿಲ್ಲದವರು ಮನೆಯಲ್ಲೋ ತಾರಸಿಯಲ್ಲೋ ಹತ್ತು ನಿಮಿಷ ನಡೆಯುವುದರಿಂದ ಆರಂಭಿಸಬಹುದು.
* ನಡೆಯುವಾಗ ಮಾತನಾಡಲು ಸಾಧ್ಯವಾಗಬೇಕು, ಹಾಡಲು ಕಷ್ಟವೆನಿಸಬೇಕು. ಅದೇ ಸರಿಯಾದ ವೇಗ.
* ಕುರ್ಚಿಯಿಂದ ಎದ್ದು ಕೂರುವುದು, ನೀರು ತುಂಬಿದ ಸಣ್ಣ ಬಾಟಲಿ ಎತ್ತುವುದು ಸ್ನಾಯುಗಳಿಗೆ ಒಳ್ಳೆಯ ಆರಂಭ. ಜಿಮ್ ಬೇಕಿಲ್ಲ.
* ಶಸ್ತ್ರಚಿಕಿತ್ಸೆಯ ನಂತರ ಮುಷ್ಟಿ ಬಿಗಿದು ಬಿಡುವುದು, ಮೊಣಕೈ ಮಡಚುವುದು ಮೊದಲ ಹಂತ. ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೇರಿಸುವಂತಹ ಭುಜದ ವ್ಯಾಯಾಮವನ್ನು ವೈದ್ಯರು ಅನುಮತಿಸಿದ ಬಳಿಕವೇ ಮಾಡಬೇಕು.
* ಕಿಮೋಥೆರಪಿಯ ನಂತರದ ಒಂದೆರಡು ದಿನ ಆಗದಿದ್ದರೆ ಬಿಡಬಹುದು. ಚೇತರಿಸಿಕೊಂಡ ಕೂಡಲೇ ಮುಂದುವರಿಸಬೇಕು.

ಈ ಕ್ಷೇತ್ರಕ್ಕೆ ಬೆಂಗಳೂರಿನ ಕೊಡುಗೆಯೂ ಇದೆ. ಇಲ್ಲಿನ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ ಮತ್ತು ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ ಜಂಟಿಯಾಗಿ ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಕಿರಣ ಚಿಕಿತ್ಸೆಯ ಆರು ವಾರಗಳಲ್ಲಿ ಯೋಗಾಭ್ಯಾಸ ಮಾಡಿದ ಮಹಿಳೆಯರ ದೈಹಿಕ ಕ್ಷಮತೆ ಸುಧಾರಿಸಿತ್ತು.

ಯಾವಾಗ ಬೇಡ?

ಜ್ವರ, ಸೋಂಕು, ತೀವ್ರ ರಕ್ತಹೀನತೆ, ರಕ್ತದ ಪ್ಲೇಟ್‌ಲೆಟ್ ಕುಸಿತವಿದ್ದಾಗ ವ್ಯಾಯಾಮ ನಿಲ್ಲಿಸಬೇಕು. ಎದೆನೋವು, ತಲೆಸುತ್ತು, ವಿಪರೀತ ಉಸಿರಾಟದ ತೊಂದರೆ ಕಂಡರೆ ತಕ್ಷಣ ವೈದ್ಯರನ್ನು ಕಾಣಬೇಕು. ರೋಗ ಮೂಳೆಗೆ ಹರಡಿದವರಲ್ಲಿ ಮೂಳೆ ಮುರಿಯುವ ಅಪಾಯವಿರುವುದರಿಂದ ಭಾರ ಎತ್ತುವ ಮುನ್ನ ತಜ್ಞರ ಸಲಹೆ ಕಡ್ಡಾಯ. ಡಾಕ್ಸೊರುಬಿಸಿನ್, ಟ್ರಾಸ್ಟುಜುಮಾಬ್‌ನಂತಹ ಔಷಧಿಗಳು ಹೃದಯದ ಮೇಲೆ ಪರಿಣಾಮ ಬೀರಬಲ್ಲವು. ಪ್ಯಾಕ್ಲಿಟಾಕ್ಸೆಲ್‌ನಿಂದ ಪಾದಗಳು ಜೋಮು ಹಿಡಿದವರು ಎಡವಿ ಬೀಳಬಹುದು. ಇಂಥವರಿಗೆ ಹೆಚ್ಚಿನ ಎಚ್ಚರ ಅಗತ್ಯ.

ಒಂದು ಮಾತು ಸ್ಪಷ್ಟ. ವ್ಯಾಯಾಮವು ಶಸ್ತ್ರಚಿಕಿತ್ಸೆಗಾಗಲಿ ಔಷಧಿಗಾಗಲಿ ಬದಲಿಯಲ್ಲ. ರೋಗನಿರ್ಣಯದ ನಂತರ ನಿಯಮಿತವಾಗಿ ನಡೆದವರಲ್ಲಿ ಸಾವಿನ ಪ್ರಮಾಣ ಕಡಿಮೆಯೆಂದು 2005ರ ಅಮೆರಿಕದ ಅಧ್ಯಯನ ಕಂಡುಕೊಂಡಿತಾದರೂ, ಅದು ಕೇವಲ ಅವಲೋಕನ. ನಡಿಗೆಯೇ ಅದಕ್ಕೆ ಕಾರಣವೆಂದು ಸಾಬೀತುಪಡಿಸುವುದಿಲ್ಲ. ಚಿಕಿತ್ಸೆಯನ್ನು ಗಟ್ಟಿಯಾಗಿ ಎದುರಿಸುವ ಶಕ್ತಿ ಮಾತ್ರ ವ್ಯಾಯಾಮದಿಂದ ನಿಶ್ಚಿತವಾಗಿ ದೊರೆಯುತ್ತದೆ. ಅದಕ್ಕೆ ಮನೆಯವರ ಜೊತೆಯೂ ಬೇಕು. 'ಮಲಗಿರು' ಎನ್ನುವ ಬದಲು 'ಬಾ, ಬೀದಿಯ ಕೊನೆಯವರೆಗೆ ಹೋಗಿಬರೋಣ' ಎಂದು ಚಪ್ಪಲಿ ಮೆಟ್ಟುವವರು ಒಬ್ಬರಿದ್ದರೆ, ರೋಗಿಯ ಮೊದಲ ಹೆಜ್ಜೆ ಸುಲಭವಾಗುತ್ತದೆ.