ಚದುರಿದ ಮನೆಗಳಿಗೆ ಸುದ್ದಿ ತಲುಪುವ ಬಗೆ

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ದಕ್ಷಿಣ ಕನ್ನಡ ಜಿಲ್ಲೆಯ ಒಂದಕ್ಕೊಂದು ತಾಗಿದ ತಾಲ್ಲೂಕುಗಳು. ಮೂಡಣಕ್ಕೆ ಘಟ್ಟ, ನಡುವೆ ಗುಡ್ಡೆ ಮತ್ತು ಬೈಲು, ತಗ್ಗಿನಲ್ಲಿ ನೇತ್ರಾವತಿ, ಫಲ್ಗುಣಿ ನದಿಗಳು. ಇಲ್ಲಿನ ಜನರಿಗೆ ದಿನನಿತ್ಯ ತಲುಪಬೇಕಾದ ಪ್ರಕಟಣೆಗಳ ಪಟ್ಟಿ ಸಣ್ಣದಲ್ಲ. ಗ್ರಾಮಸಭೆ, ಕರೆಂಟು ನಿಲುಗಡೆ, ದನಗಳಿಗೆ ಲಸಿಕೆ, ಅಡಿಕೆ ಧಾರಣೆ, ಜಾತ್ರೆ, ಕೋಲ, ಕಂಬಳ, ಊರವರ ಮರಣ, ಶಾಲೆಗೆ ರಜೆ, ಘಾಟಿ ಬಂದ್, ಹೊಳೆಯಲ್ಲಿ ನೆರೆ. ಇವುಗಳಲ್ಲಿ ಕೆಲವು ತಲುಪದಿದ್ದರೆ ಒಂದು ಸಂತರ್ಪಣೆಯ ಊಟ ತಪ್ಪುತ್ತದೆ, ಅಷ್ಟೇ. ಇನ್ನು ಕೆಲವು ತಲುಪದಿದ್ದರೆ ನೀರು ಅಂಗಳ ದಾಟಿ ಒಳಗೆ ಬರುತ್ತದೆ.

ಕೇರಿಯಿಲ್ಲದ ಊರು

ಬಯಲುಸೀಮೆಯ ಹಳ್ಳಿಯಲ್ಲಿ ಮನೆಗೆ ಮನೆ ತಾಗಿರುತ್ತದೆ. ಬೀದಿಯಲ್ಲಿ ಒಬ್ಬ ಡಂಗುರ ಸಾರಿದರೆ ಊರಿಡೀ ಕೇಳಿಸೀತು. ತುಳುನಾಡಿನಲ್ಲಿ ಹಾಗಲ್ಲ. ಇಲ್ಲಿ ಗದ್ದೆಗಳನ್ನು ಎತ್ತರಕ್ಕೆ ತಕ್ಕಂತೆ ಬೆಟ್ಟು, ಮಜಲು, ಬೈಲು ಎಂದು ವಿಂಗಡಿಸುತ್ತಾರೆ. ಮನೆಗಳೂ ಆ ನೆಲದ ಜಾಡು ಹಿಡಿದು ದೂರ ದೂರ ಕುಳಿತಿವೆ. ಒಂದು ಮನೆ ಅಡಿಕೆ ತೋಟದ ಒಳಗೆ, ಮತ್ತೊಂದು ಗುಡ್ಡೆಯ ಓರೆಯಲ್ಲಿ, ಮೂರನೆಯದು ಹೊಳೆಯಾಚೆ. ಬೆಳ್ತಂಗಡಿ ತಾಲ್ಲೂಕೊಂದರಲ್ಲೇ 81 ಗ್ರಾಮ, 48 ಗ್ರಾಮ ಪಂಚಾಯತ್‌ಗಳಿವೆ. ಒಂದು ಗ್ರಾಮವನ್ನು ಈ ತುದಿಯಿಂದ ಆ ತುದಿಗೆ ನಡೆಯಹೊರಟರೆ ಅರ್ಧ ದಿನ ಕಳೆಯುವುದೂ ಉಂಟು.

ಹಾಗಾಗಿ ಇಲ್ಲಿ ಪ್ರಕಟಣೆಗೆ ಎರಡೇ ದಾರಿ. ಗುಡ್ಡೆ ದಾಟಿ ಕೇಳುವಷ್ಟು ದೊಡ್ಡ ಸದ್ದು ಮಾಡಬೇಕು. ಇಲ್ಲವೇ, ಜನ ಹೇಗೂ ಬಂದು ಸೇರುವ ಜಾಗದಲ್ಲಿ ಸುದ್ದಿಯನ್ನು ಇಟ್ಟು ಕಾಯಬೇಕು. ಮೊಬೈಲ್ ಬಂದ ಮೇಲೂ ಈ ಲೆಕ್ಕ ಪೂರ್ತಿ ಬದಲಾಗಿಲ್ಲ.

ಭಾಷೆಯ ವಿಷಯದಲ್ಲೂ ಒಂದು ವಿಶೇಷವಿದೆ. ಅಚ್ಚಾಗುವ ಪ್ರಕಟಣೆ ಕನ್ನಡದಲ್ಲಿ, ಆಡುವ ಮಾತು ಬಹುಪಾಲು ತುಳುವಿನಲ್ಲಿ. ಜೊತೆಗೆ ಬ್ಯಾರಿ, ಕೊಂಕಣಿ, ಮಲಯಾಳ, ಹವ್ಯಕ, ಚಿತ್ಪಾವನಿ ಮನೆಗಳಿವೆ. ಪ್ರಚಾರದ ರಿಕ್ಷಾದಲ್ಲಿ ಮೈಕು ಹಿಡಿದವ ತುಳುವಿನಲ್ಲಿ ಕರೆದು, ತಾರೀಕು ಮತ್ತು ಸ್ಥಳ ಬಂದಾಗ ಕನ್ನಡಕ್ಕೆ ಹೊರಳಿ, ಮುಗಿಸುವಾಗ ಪುನಃ ತುಳುವಿಗೆ ಬರುತ್ತಾನೆ. ಯಾರೂ ಕಲಿಸಿಕೊಟ್ಟ ಕ್ರಮವಲ್ಲ ಅದು.

ಕಿವಿಗೆ ಬೀಳುವ ಪ್ರಕಟಣೆ

ಯಕ್ಷಗಾನ ಬಯಲಾಟವಿದ್ದ ದಿನ ಆಟ ಶುರುವಾಗುವ ಮೊದಲು ಚೆಂಡೆ ಮದ್ದಳೆಯ 'ಕೇಳಿ' ಬಾರಿಸುವ ಪದ್ಧತಿ ಹಳೆಯದು. ಇವತ್ತು ಇಲ್ಲಿ ಆಟ ಉಂಟು ಎಂದು ಸುತ್ತಲಿನ ಬೈಲುಗಳಿಗೆ ಹೇಳುವುದೇ ಅದರ ಕೆಲಸ. ಕರಪತ್ರ, ಮೈಕು ಏನೂ ಇಲ್ಲದ ಕಾಲದಲ್ಲಿ ಸಂಜೆಯ ಚೆಂಡೆ ಸದ್ದು ಕೇಳಿ ಜನ ಒಣ ತೆಂಗಿನ ಗರಿಯ ಸೂಟೆ ಕಟ್ಟಿ ಹೊರಡುತ್ತಿದ್ದರು. ಜಾತ್ರೆಯಲ್ಲಿ ದೇವರ ಬಲಿ ಉತ್ಸವ ಹೊರಡುವಾಗ ಸಿಡಿಸುವ ಗರ್ನಾಲು ಪಟಾಕಿಯೂ ಅಂಥದೇ. ಮನೆಯಲ್ಲಿ ಕೂತವರಿಗೆ ದೇವಸ್ಥಾನದಲ್ಲಿ ಕಾರ್ಯ ಎಲ್ಲಿವರೆಗೆ ಬಂತು ಎಂಬುದು ಆ ಸದ್ದಿನಿಂದಲೇ ಅಂದಾಜಾಗುತ್ತದೆ.

ಬಾಯಿಮಾತಿನ ಪ್ರಕಟಣೆಗೆ ಇಲ್ಲಿರುವ ದೊಡ್ಡ ಉದಾಹರಣೆ ಬಂಟ್ವಾಳ ತಾಲ್ಲೂಕಿನ ಪೊಳಲಿ. ರಾಜರಾಜೇಶ್ವರಿ ದೇವಸ್ಥಾನದ ಜಾತ್ರೆಗೆ ಮಾರ್ಚ್ ನಡುವಿನಲ್ಲಿ, ಮೀನ ಸಂಕ್ರಮಣದ ಹೊತ್ತಿಗೆ ಕೊಡಿ (ಧ್ವಜ) ಏರುತ್ತದೆ. ಸುಮಾರು ಒಂದು ತಿಂಗಳ ಜಾತ್ರೆ, ಆದರೆ ಸರಿಯಾಗಿ ಎಷ್ಟು ದಿನ ಎಂಬುದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಮೂಡುಬಿದಿರೆ ಕಡೆಯ ಪುತ್ತಿಗೆಯ ಜೋಯಿಸರು ದಿನ ಗೊತ್ತುಮಾಡಿದ ಮೇಲೆ ನೆರೆದವರ ಎದುರು ಅದನ್ನು ಗಟ್ಟಿಯಾಗಿ ಕರೆದು ಹೇಳುತ್ತಾರೆ. ಇದಕ್ಕೆ 'ಕುದಿ ಕರೆಯುವುದು' ಎನ್ನುತ್ತಾರೆ. ಚೆಂಡಾಟದ 'ಪೊಳಲಿ ಚೆಂಡು' ಯಾವಾಗ, ದೇವರ ಜಳಕದ ಆರಾಟ ಯಾವಾಗ ಎಂಬ ಲೆಕ್ಕವೆಲ್ಲ ಆ ಕೂಗಿನ ನಂತರವೇ ಶುರು. ಮುಂಬಯಿಯಲ್ಲಿರುವ ಮಕ್ಕಳಿಗೆ ಟಿಕೆಟ್ ಮಾಡಿಸಲು ಹೇಳುವುದೂ ಆಮೇಲೆಯೇ.

ಕೋಲ, ನೇಮ, ಜಾತ್ರೆಗಳಿಗೆ ಕೆಲವು ದಿನ ಮೊದಲು ನಡೆಯುವ ಗೊನೆ ಮುಹೂರ್ತವನ್ನೂ ಪ್ರಕಟಣೆ ಎಂದೇ ಎಣಿಸಬೇಕು. ಬಾಳೆಗೊನೆ ಕಡಿದಾಯಿತು ಎಂದರೆ ದಿನ ನಿಕ್ಕಿಯಾಯಿತು, ಇನ್ನು ಚಪ್ಪರ, ಹೊರೆಕಾಣಿಕೆಯ ಕೆಲಸ ನೋಡಬೇಕು ಎಂದೇ ಅರ್ಥ. ಕಂಬಳದ ದಿನಗಳಾದರೆ ಋತು ಆರಂಭಕ್ಕೆ ಮುಂಚೆ ಒಟ್ಟಿಗೆ ಪಟ್ಟಿಯಾಗಿ ಹೊರಬರುತ್ತವೆ. ಮೂಡುಬಿದಿರೆ ಕಡಲಕೆರೆಯ ಕೋಟಿ ಚೆನ್ನಯ, ಹೊಕ್ಕಾಡಿಗೋಳಿಯ ವೀರ ವಿಕ್ರಮ, ವೇಣೂರು ಪೆರ್ಮುಡದ ಸೂರ್ಯ ಚಂದ್ರ ಎಂದು ಊರಿನ ಜೊತೆ ಕರೆಗಳ (ಕೋಣಗಳ ಓಟದ ಗದ್ದೆಗಳ) ಜೋಡಿ ಹೆಸರನ್ನೂ ಸೇರಿಸಿಯೇ ಹೇಳುತ್ತಾರೆ.

ಮರಣದ ಸುದ್ದಿಯನ್ನು ಮಸೀದಿಯ ಧ್ವನಿವರ್ಧಕ ಹೇಳುತ್ತದೆ, ಇಗರ್ಜಿಯ ಗಂಟೆ ಹೇಳುತ್ತದೆ. ಕ್ರೈಸ್ತ ಮನೆಗಳಿಗೆ ಭಾನುವಾರದ ಪೂಜೆಯ ಕೊನೆಯ ಪ್ರಕಟಣೆಯೇ ವಾರದ ವಾರ್ತೆ. ನಿಶ್ಚಯವಾದ ಮದುವೆಗಳನ್ನೂ ಅಲ್ಲಿ ಓದಿ ಹೇಳುತ್ತಾರೆ. ಘಟ್ಟದ ಬುಡದ ಮಲಯಾಳಿ ಕೃಷಿಕರ ಇಗರ್ಜಿಗಳಲ್ಲಿ ಈ ಮಾತು ಮಲಯಾಳದಲ್ಲಿ ನಡೆಯುವುದೂ ಇದೆ. ಸಿರೋ ಮಲಬಾರ್ ಸಭೆಗೆ ಬೆಳ್ತಂಗಡಿಯಲ್ಲಿ 1999ರಿಂದ ಪ್ರತ್ಯೇಕ ಧರ್ಮಪ್ರಾಂತ್ಯವೇ ಇದೆ.

ಹಾಲಿನ ಸೊಸೈಟಿಯ ಬೋರ್ಡು

ಜನ ಹೇಗೂ ಬಂದು ಸೇರುವ ಜಾಗಗಳಲ್ಲಿ ಮೊದಲ ಸ್ಥಾನ ಹಾಲು ಉತ್ಪಾದಕರ ಸಂಘದ್ದು. ಬೆಳಿಗ್ಗೆ ಮತ್ತು ಸಂಜೆ, ದಿನಕ್ಕೆ ಎರಡು ಸಲ, ಮಳೆಯಿರಲಿ ಬಿಸಿಲಿರಲಿ, ದನ ಸಾಕಿದ ಪ್ರತಿ ಮನೆಯಿಂದ ಒಬ್ಬರಾದರೂ ಕ್ಯಾನು ಹಿಡಿದು ಅಲ್ಲಿಗೆ ಬರಲೇಬೇಕು. ಹಾಲು ಅಳೆದು, ಫ್ಯಾಟ್ ನೋಡಿ, ಚೀಟಿ ಕೈಗೆ ಬರುವವರೆಗೆ ನಾಲ್ಕು ನಿಮಿಷ ನಿಲ್ಲಬೇಕು. ಆ ನಾಲ್ಕು ನಿಮಿಷ ಕಣ್ಣು ಹೋಗುವುದು ಗೋಡೆಯ ಕಪ್ಪು ಹಲಗೆಯ ಮೇಲೆ. ಕಾಲುಬಾಯಿ ರೋಗದ ಲಸಿಕೆ ಯಾವ ದಿನ, ಹಿಂಡಿಯ ಲೋಡು ಬಂತೇ, ಮಹಾಸಭೆ ಯಾವಾಗ ಎಂದು ಚಾಕ್‌ಪೀಸಿನಲ್ಲಿ ಬರೆದಿರುತ್ತದೆ. ಅದರ ಪಕ್ಕದಲ್ಲೇ ಭಜನಾ ಮಂಡಳಿಯ ವಾರ್ಷಿಕೋತ್ಸವ, ಕಣ್ಣಿನ ತಪಾಸಣೆ ಶಿಬಿರ, ಕಾಣೆಯಾದ ಕಪ್ಪು ಗಡಸಿನ ಗುರುತು. ಬರೆದವರ ಅಕ್ಷರ ಎಲ್ಲರಿಗೂ ಗೊತ್ತು. ಸಂಶಯ ಬಂದರೆ ಅವರನ್ನೇ ಕೇಳಬಹುದು. ನನ್ನ ಮಟ್ಟಿಗೆ ಈ ಮೂರು ತಾಲ್ಲೂಕುಗಳಲ್ಲಿ ಇದಕ್ಕಿಂತ ನಂಬಿಕೆಯ ಮಾಧ್ಯಮ ಇನ್ನೊಂದಿಲ್ಲ.

ಇದರ ನಂತರದ ಸ್ಥಾನ ಸಿ.ಎ. ಬ್ಯಾಂಕ್ ಎಂದು ಕರೆಯುವ ಕೃಷಿ ಸಹಕಾರಿ ಸಂಘಕ್ಕೆ. ಕೊಳೆರೋಗಕ್ಕೆ ಔಷಧಿ ಬಿಡುವ ಕಾಲದಲ್ಲಿ ಮೈಲುತುತ್ತು ಬಂದಿದೆಯೇ, ಬೆಳೆವಿಮೆಗೆ ಕಂತು ಕಟ್ಟಲು ಕೊನೆಯ ದಿನ ಯಾವುದು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಅಡಿಕೆಯ ಧಾರಣೆ ಮಾತ್ರ ಬೇರೆಯೇ ಜಾಡಿನಲ್ಲಿ ಓಡುತ್ತದೆ. 1973ರಲ್ಲಿ ಸ್ಥಾಪನೆಯಾದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ದಿನದ ದರ ತಿಳಿಸುತ್ತದೆ. ಹೊಸತು, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ ಎಂದು ಸಾಲಾಗಿ ಬರುವ ಆ ಅಂಕಿಗಳು ತೋಟದವರಿಗೆ ಮುಖಪುಟದ ರಾಜಕೀಯಕ್ಕಿಂತ ಮುಖ್ಯ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲೇ ಆರಂಭವಾದದ್ದು. ಇಂಥ ಯೋಜನೆಗಳಡಿ ನಡೆಯುವ ಸ್ವಸಹಾಯ ಸಂಘಗಳ ವಾರದ ಸಭೆ ಹೆಂಗಸರ ನಡುವೆ ಸುದ್ದಿ ಹಂಚುವ ಗಟ್ಟಿ ಜಾಲವಾಗಿ ಬೆಳೆದಿದೆ.

ಪಂಚಾಯತ್ ನೋಟಿಸು

ಪಂಚಾಯತ್‌ರಾಜ್ ಕಾಯಿದೆಯ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕೆ ಮೊದಲು ವಾರ್ಡು ಸಭೆ. ನೋಟಿಸು ಪಂಚಾಯತ್ ಕಚೇರಿ, ಅಂಗನವಾಡಿ, ನ್ಯಾಯಬೆಲೆ ಅಂಗಡಿಗಳಲ್ಲಿ ಅಂಟುತ್ತದೆ. ಕೆಲವೆಡೆ ಕಸದ ವಾಹನದ ಮೈಕಿನಲ್ಲೂ ಹೇಳಿಸುತ್ತಾರೆ. ಇಷ್ಟಾದರೂ ಸಭೆ ಶುರುವಾದ ಕೂಡಲೇ ಒಬ್ಬರು ಎದ್ದು ನಿಂತು 'ಸಭೆಗೆ ಪ್ರಚಾರವೇ ಆಗಿಲ್ಲ, ನಮಗೆ ಗೊತ್ತೇ ಆಗಲಿಲ್ಲ' ಎನ್ನುವುದು ಕಾರ್ಯಸೂಚಿಯ ಮೊದಲ ಅಂಶದಷ್ಟೇ ಖಚಿತ. ಗೊತ್ತಾಗದಿದ್ದರೆ ಬಂದದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಏಕೆಂದರೆ ಆ ದೂರಿನಲ್ಲಿ ಹುರುಳಿದೆ. ಕಚೇರಿಗೆ ಕೆಲಸವಿದ್ದವರಷ್ಟೇ ಕಚೇರಿಯ ಬೋರ್ಡು ನೋಡುತ್ತಾರೆ. ಹಾಲಿನ ಸೊಸೈಟಿಯಲ್ಲಿ ಅದೇ ಚೀಟಿ ಅಂಟಿಸಿದರೆ ಸಭೆಯ ಕುರ್ಚಿಗಳು ಇನ್ನಷ್ಟು ತುಂಬಿಯಾವು.

ಅಚ್ಚಾದ ಊರ ವರ್ತಮಾನ

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಇದೇ ಜಿಲ್ಲೆಯಿಂದ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಸಂಪಾದಕರು. ಕಲ್ಲಚ್ಚಿನ ಆ ಪಾಕ್ಷಿಕದ ವಿಷಯಗಳಲ್ಲಿ ಊರ ವರ್ತಮಾನ ಮತ್ತು ಸರಕಾರದ ನಿರೂಪಗಳೂ ಇದ್ದವು. ಅಂದರೆ ಕನ್ನಡ ಪತ್ರಿಕೋದ್ಯಮ ಹುಟ್ಟಿದ್ದೇ ಸ್ಥಳೀಯ ಪ್ರಕಟಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು.

ಇವತ್ತು ಆ ಕೆಲಸವನ್ನು ದಿನಪತ್ರಿಕೆಗಳ ಜಿಲ್ಲಾ ಪುಟಗಳು ಮಾಡುತ್ತಿವೆ. ಉದಯವಾಣಿಯ 'ಸುದಿನ' ಇದರಲ್ಲಿ ಹೆಸರಾದದ್ದು. ಇನ್ನೂ ಕೆಳಗಿನ ಮಟ್ಟಕ್ಕೆ ಇಳಿದರೆ ತಾಲ್ಲೂಕಿಗೆಂದೇ ಹೊರಡುವ ಪತ್ರಿಕೆಗಳು. ಸುಳ್ಯ, ಪುತ್ತೂರು, ಬೆಳ್ತಂಗಡಿಗಳಲ್ಲಿ 'ಸುದ್ದಿ ಬಿಡುಗಡೆ' ಬೆಳೆದದ್ದು ಊರ ಸುದ್ದಿಯ ಹಸಿವಿನಿಂದಲೇ. ಯಾರ ಮನೆಯ ಗೃಹಪ್ರವೇಶ, ಯಾವ ಶಾಲೆಯ ಹುಡುಗಿ ರಾಜ್ಯಮಟ್ಟಕ್ಕೆ ಹೋದಳು, ಯಾರ ಉತ್ತರಕ್ರಿಯೆ ಯಾವಾಗ ಎಂಬುದನ್ನು ಬೆಂಗಳೂರಿನ ಸಂಪಾದಕರು ಸುದ್ದಿ ಎಂದು ಒಪ್ಪಲಾರರು. ಇಲ್ಲಿ ಮೊದಲು ಓದುವುದೇ ಅದನ್ನು.

ರೇಡಿಯೋವನ್ನು ಮರೆಯುವಂತಿಲ್ಲ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ತುಳು ಕಾರ್ಯಕ್ರಮ, ಕೃಷಿ ಮಾಹಿತಿಗಳ ಮೂಲಕ ತೋಟದ ಮನೆಗಳಿಗೆ ಆಪ್ತವಾಯಿತು. ಉಜಿರೆಯ ಎಸ್‌ಡಿಎಂ ಕಾಲೇಜಿನಿಂದ 'ರೇಡಿಯೋ ನಿನಾದ' ಎಂಬ ಸಮುದಾಯ ಬಾನುಲಿ ಪ್ರಸಾರವಾಗುತ್ತಿದೆ.

ಹೊಳೆಯ ಸುದ್ದಿ

ಉಳಿದೆಲ್ಲ ಪ್ರಕಟಣೆಗಳಿಗೂ ನೆರೆಯ ಸುದ್ದಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಇಲ್ಲಿ ಸುದ್ದಿ ನೀರಿಗಿಂತ ಬೇಗ ಓಡಬೇಕು.

ನೇತ್ರಾವತಿ ಕುದುರೆಮುಖದ ಬೆಟ್ಟಸಾಲಿನಿಂದ ಇಳಿದು ಬೆಳ್ತಂಗಡಿ ತಾಲ್ಲೂಕನ್ನು ಹಾದು ಬರುತ್ತದೆ. ಚಾರ್ಮಾಡಿ ಕಡೆಯ ಮೃತ್ಯುಂಜಯ ಹೊಳೆ ಪಜಿರಡ್ಕದಲ್ಲಿ ಸೇರುತ್ತದೆ, ಉಪ್ಪಿನಂಗಡಿಯಲ್ಲಿ ಕುಮಾರಧಾರ ಸೇರುತ್ತದೆ. ಆಮೇಲೆ ಬಂಟ್ವಾಳ. ಆದ್ದರಿಂದ ಬಂಟ್ವಾಳ ಪೇಟೆಯಲ್ಲಿ ಬಿಸಿಲು ಕಾಯುತ್ತಿದ್ದರೂ ಘಟ್ಟದಲ್ಲಿ ರಾತ್ರಿಯಿಡೀ ಸುರಿದಿದ್ದರೆ ಕೆಲವು ಗಂಟೆಗಳಲ್ಲಿ ಕೆಂಪು ನೀರು ಮೆಟ್ಟಿಲು ಹತ್ತುತ್ತದೆ. ಬಂಟ್ವಾಳದವರಿಗೆ ಬೇಕಾದದ್ದು ಬಂಟ್ವಾಳದ ಹವೆಯಲ್ಲ, ಬೆಳ್ತಂಗಡಿಯ ಮಳೆಯ ಸುದ್ದಿ.

ಬಂಟ್ವಾಳದಲ್ಲಿ ನದಿಯ ಅಪಾಯದ ಮಟ್ಟ 8.5 ಮೀಟರ್. ಮಳೆಗಾಲದಲ್ಲಿ ಈ ಅಂಕಿಯನ್ನು ತಾಲ್ಲೂಕು ಆಡಳಿತ, ಪತ್ರಿಕೆ, ವಾಟ್ಸ್‌ಆ್ಯಪ್ ಎಲ್ಲವೂ ಗಂಟೆಗಂಟೆಗೆ ಹೇಳುತ್ತವೆ. ಆದರೆ ಮೀಟರಿನ ಲೆಕ್ಕ ಎಲ್ಲರ ಮನಸ್ಸಿಗೆ ಇಳಿಯುವುದಿಲ್ಲ. ಪಾಣೆಮಂಗಳೂರಿನ ಆಲಡ್ಕಕ್ಕೆ ನೀರು ಬಂತಂತೆ, ಬಡ್ಡಕಟ್ಟೆಯ ಮೆಟ್ಟಿಲು ಮುಳುಗಿತಂತೆ ಎಂದರೆ ತಕ್ಷಣ ಅರ್ಥವಾಗುತ್ತದೆ. ಅಂಗಡಿಯವರು ಕೆಳಗಿನ ಕಪಾಟಿನ ಸಾಮಾನು ಮೇಲಕ್ಕೇರಿಸತೊಡಗುವುದು ಇಂಥ ಮಾತು ಕೇಳಿದ ಮೇಲೆ. ಹಿರಿಯರ ಅಳತೆಗೋಲು ಬೇರೆ: 1923ರ ನೆರೆ, 1974ರ ನೆರೆ. ಆಗ ನೀರು ಯಾವ ಗೋಡೆಯವರೆಗೆ ಬಂದಿತ್ತು ಎಂಬುದು ಮನೆತನದ ನೆನಪಿನಲ್ಲಿದೆ. ಸರಕಾರದ ಎಚ್ಚರಿಕೆಯಲ್ಲಿ ಮೀಟರಿನ ಜೊತೆ ಈ ಜಾಗಗಳ ಹೆಸರನ್ನೂ ಸೇರಿಸಿದರೆ ಉಪಕಾರವಾದೀತು.

2019ರ ಆಗಸ್ಟ್ 9ರಂದು ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ಬುಡದಲ್ಲಿ ಆದದ್ದೇ ಬೇರೆ. ಗುಡ್ಡ ಕುಸಿದು ಹೊಳೆಗಳು ಮರ, ಕಲ್ಲು, ಕೆಸರು ಹೊತ್ತುಕೊಂಡು ನುಗ್ಗಿದವು. ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆ, ದಿಡುಪೆ, ಕುಕ್ಕಾವು ಕಡೆ ಸೇತುವೆ, ತೋಟ, ಮನೆಗಳು ಹೋದವು. ಕೆಳಗಿನ ಪೇಟೆಗೆ ಎಚ್ಚರಿಸಲು ಗಂಟೆಗಳು ಸಿಗುತ್ತವೆ. ಬೆಟ್ಟದ ಬುಡದ ಮನೆಗೆ ನಿಮಿಷಗಳು ಮಾತ್ರ. ಅಲ್ಲಿ ಯಾವ ಕಚೇರಿಯ ಪ್ರಕಟಣೆಯೂ ಹೊತ್ತಿಗೆ ತಲುಪದು. ಹೊಳೆಯ ನೀರು ಒಮ್ಮೆಗೇ ಕೆಸರಾಗುವುದು, ಮಳೆ ನಿಲ್ಲದಿದ್ದರೂ ಹೊಳೆ ಇಳಿಯುವುದು, ಮರಗಳು ಮುರಿಯುವ ಸದ್ದು ಇವೇ ಸೂಚನೆ. ಹೀಗಾದರೆ ಸಾಮಾನು ನೋಡುತ್ತ ನಿಲ್ಲದೆ ಹೊಳೆಯಿಂದ ದೂರಕ್ಕೆ, ಎತ್ತರದ ಜಾಗಕ್ಕೆ ಹೋಗಬೇಕು.

ಮಳೆ ಅಳೆಯುವ ವ್ಯವಸ್ಥೆ ಈಗ ಚೆನ್ನಾಗಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯತ್ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಎಂದರೆ ದಿನಕ್ಕೆ 204.4 ಮಿಲಿಮೀಟರಿಗೂ ಮೀರಿದ ಮಳೆಯ ಸಾಧ್ಯತೆ. ಆರೆಂಜ್ ಎಂದರೆ 115.6ರಿಂದ 204.4. ತುಂಬೆಯ ಕಿಂಡಿ ಅಣೆಕಟ್ಟಿನ ಗೇಟು ತೆರೆಯುವ ಸುದ್ದಿ ನದಿದಂಡೆಯವರಿಗೆ, ಮೀನು ಹಿಡಿಯುವವರಿಗೆ ಬೇಕಾದದ್ದು.

ಘಾಟಿ ಬಂದ್

ಚಾರ್ಮಾಡಿ ಘಾಟಿ ರಾಷ್ಟ್ರೀಯ ಹೆದ್ದಾರಿ 73ರ ಭಾಗ. ಬುಡ ಬೆಳ್ತಂಗಡಿ ತಾಲ್ಲೂಕಿನಲ್ಲಿ, ತಲೆ ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಕಡೆ. ರಸ್ತೆ ಒಂದೇ, ಜಿಲ್ಲೆ ಎರಡು. ಆದ್ದರಿಂದ ಸಂಚಾರದ ಆದೇಶ ಬಂದಾಗ ಅದು ಯಾವ ಜಿಲ್ಲೆಯದು, ಯಾವ ವಾಹನಕ್ಕೆ ಅನ್ವಯ, ರಾತ್ರಿಗಷ್ಟೆಯೋ ಇಡೀ ದಿನಕ್ಕೋ ಎಂದು ನೋಡಿಕೊಳ್ಳಬೇಕು. 'ಘಾಟಿ ಬಂದ್' ಎಂಬ ಎರಡೇ ಪದದ ಸಂದೇಶ ಹಲವು ಸಲ ಘನ ವಾಹನಗಳಿಗೆ ಮಾತ್ರ ಅನ್ವಯಿಸುವಂಥದ್ದು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಅಲ್ಲಿನ ವಾಹನಗಳು ಇತ್ತ ತಿರುಗುವುದರಿಂದ ಉಜಿರೆ, ಮುಂಡಾಜೆಯವರು ಶಿರಾಡಿಯ ಸುದ್ದಿಯ ಮೇಲೂ ಕಣ್ಣಿಡುತ್ತಾರೆ.

ರಜೆಯ ಆದೇಶ

ಜುಲೈ ತಿಂಗಳಲ್ಲಿ ಅತಿ ವೇಗವಾಗಿ ಓಡುವ ಪ್ರಕಟಣೆ ಶಾಲೆಯ ರಜೆಯದು. ಶಾಲೆಗಳಿಗೆ ರಜೆ ಸಾರುವವರು ಜಿಲ್ಲಾಧಿಕಾರಿ. ಕೆಲವೊಮ್ಮೆ ಸ್ಥಳೀಯ ಸ್ಥಿತಿ ನೋಡಿ ತಾಲ್ಲೂಕಿಗಷ್ಟೇ ರಜೆ ಬರುವುದೂ ಇದೆ. ಬೆಳ್ತಂಗಡಿಗೆ ರಜೆ, ಬಂಟ್ವಾಳಕ್ಕೆ ಇಲ್ಲ ಎಂಬ ದಿನ ಗಡಿಯ ಊರುಗಳ ಮನೆಗಳಲ್ಲಿ ಆಗುವ ರಂಪ ಹೇಳತೀರದು. ಹಳೆಯ ಆದೇಶದ ತಾರೀಕು ತಿದ್ದಿ ವಾಟ್ಸ್‌ಆ್ಯಪ್‌ಗೆ ಬಿಡುವ ಕಿಡಿಗೇಡಿಗಳೂ ಇದ್ದಾರೆ. ಪತ್ರದಲ್ಲಿ ಆ ದಿನದ ತಾರೀಕು ಮತ್ತು ಆದೇಶದ ಸಂಖ್ಯೆ ಇದೆಯೇ, ಅಂಗನವಾಡಿಯಿಂದ ಯಾವ ತರಗತಿಯವರೆಗೆ ಎಂದು ಬರೆದಿದೆಯೇ, ಶಾಲೆಯ ಗುಂಪಿನಲ್ಲಿ ಹೆಡ್‌ಮಾಸ್ಟ್ರು ಅದನ್ನು ಹಾಕಿದ್ದಾರೆಯೇ ಎಂದು ನೋಡಿದರೆ ಮುಕ್ಕಾಲು ಪಾಲು ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಸುದ್ದಿಯನ್ನು ನಾವೇ ಕಚೇರಿಗೆ ತಲುಪಿಸಬೇಕಾದಾಗ ಕರೆಯಬೇಕಾದ ಸಂಖ್ಯೆಗಳೂ ಇವೆ: ಕರೆಂಟು ಹೋದರೆ ಮೆಸ್ಕಾಂನ 1912, ನೆರೆ ಅಥವಾ ಗುಡ್ಡ ಕುಸಿತಕ್ಕೆ ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತು ಸಹಾಯಕ್ಕೆ 112. ಫೋನಿನಲ್ಲಿ ಗ್ರಾಮದ ಹೆಸರಷ್ಟೇ ಹೇಳಿದರೆ ಸಾಲದು. ಗ್ರಾಮಗಳು ದೊಡ್ಡವು, ಒಂದೇ ಹೆಸರಿನ ಬೈಲು, ಗುಡ್ಡೆ, ಪದವುಗಳು ಹತ್ತಾರು. ಪಂಚಾಯತ್, ಹತ್ತಿರದ ಶಾಲೆ ಅಥವಾ ಭಜನಾ ಮಂದಿರ, ಬಸ್ಸು ನಿಲ್ಲುವ ಜಾಗ, ಇಷ್ಟನ್ನು ಹೇಳಿದರೆ ಜೀಪು ಸರಿಯಾದ ಗೇಟಿಗೆ ಬರುತ್ತದೆ.